ಕೆರೆಗೂ ಕಡಲಿಗೂ ಒಂದೇ ಹಲಗೆ ಸಾಕೇ?

ಹತ್ತೂವರೆ ಅಡಿ ಉದ್ದದ ಹಲಗೆಯೊಂದನ್ನು ಹೆಗಲಿಗೇರಿಸಿಕೊಂಡು ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಬಂದು, ಸೊರಬದ ಬಸ್ಸಿಗೆ ಕೈ ಅಡ್ಡ ಹಿಡಿದರೆ ಕಂಡಕ್ಟರ್ ಏನನ್ನಬಹುದು? ಮೊದಲು ನಗುತ್ತಾನೆ. ಆಮೇಲೆ ‘ಇದಕ್ಕೆ ಟಿಕೇಟಲ್ಲ, ಲಾರಿ ಬೇಕು ಮಾರಾಯ್ರೆ’ ಅಂತ ಸೀಟಿ ಊದುತ್ತಾನೆ. ಬಸ್ಸಿನ ಟಾಪಿನ ಮೇಲೆ ಸೈಕಲ್ಲು, ಬಾಳೆಗೊನೆ ಏರಿಸುತ್ತಿದ್ದ ಕಾಲ ಹೋಯಿತು.

ನಗಬೇಡಿ. ನೀರಿನ ಮೇಲೆ ನಿಂತು ಹುಟ್ಟು ಹಾಕಿಕೊಂಡು ಹೋಗುವ ಈ ಹಲಗೆ, ಅಂದರೆ ಪ್ಯಾಡಲ್ ಬೋರ್ಡು, ದೂರದ ಮಾತಾಗಿ ಉಳಿದಿಲ್ಲ. ಹವಾಯಿ ದ್ವೀಪದ ವೈಕಿಕಿ ಕಡಲತೀರದಲ್ಲಿ ಅಲೆಯಾಟ ಕಲಿಸುವವರು 1940ರ ದಶಕದಷ್ಟು ಹಿಂದೆಯೇ ಹಲಗೆ ಮೇಲೆ ನಿಂತು ಹುಟ್ಟು ಹಿಡಿದಿದ್ದರು. 2000ದ ನಂತರ ಅದು ಲೋಕದ ತುಂಬ ಹಬ್ಬಿತು. ನಮ್ಮ ಕರಾವಳಿಯ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬಿನವರು ಇದನ್ನು ಕಲಿಸಿದರು. 2024ರ ಮಾರ್ಚಿಯಲ್ಲಿ ಅಲ್ಲೇ ಹತ್ತಿರದ ಸಸಿಹಿತ್ಲುವಿನಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಅಡಿಕೆಗೆ ರೇಟು ಸಿಕ್ಕ ವರ್ಷ ಮಲೆನಾಡಿನ ಮನೆಯ ಹುಡುಗ ‘ನಮ್ಮೂರಲ್ಲೂ ನೀರಿದೆಯಲ್ಲ, ಒಂದು ತರಿಸೋಣ’ ಅಂದರೆ ಅಪ್ಪ ಬೆಪ್ಪಾಗಬೇಕಿಲ್ಲ.

ನೀರಂತೂ ಇದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಐದನೇ ಶತಮಾನದ ಕಂಬದ ಮೇಲಿರುವ ಶಾಸನವೇ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. (ಹಲಗೆಯ ಸುದ್ದಿ ಅದರಲ್ಲಿಲ್ಲ ಅನ್ನಿ.) ಕುಮದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯವಿದೆ. ಸೊರಬದ ಕಡೆ ದಂಡಾವತಿ, ವರದಾ, ಲೆಕ್ಕವಿಲ್ಲದಷ್ಟು ಕೆರೆಕಟ್ಟೆ. ಪಕ್ಕದ ಸಾಗರ ತಾಲೂಕಿಗೆ ಹೋದರೆ 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರು, ಹರಿಗೋಲು ಕಯಾಕು ಕಲಿಸಿ ಹೆಸರಾದ ಹೊನ್ನೇಮರಡು.

ಪ್ರಶ್ನೆ ಇರುವುದು ಹಲಗೆಯದ್ದು. ಹತ್ತಾರು ಸಾವಿರ ರೂಪಾಯಿ ಕೊಟ್ಟು ತರುವುದು ಒಂದೇ ಹಲಗೆ. ಅದು ಊರ ಕೆರೆಗೂ ಆಗಬೇಕು, ಹಿನ್ನೀರಿಗೂ ಆಗಬೇಕು, ರಜೆಯಲ್ಲಿ ಮುಲ್ಕಿಗೆ ಹೋದರೆ ಸಣ್ಣ ಅಲೆಗೂ ಆಗಬೇಕು. ಮಾರುವವನು ಎಲ್ಲ ಹಲಗೆಯನ್ನೂ ‘ಆಲ್‌ರೌಂಡ್’ ಅಂತಲೇ ಮಾರುತ್ತಾನೆ. ಜವಳಿ ಅಂಗಡಿಯಲ್ಲಿ ‘ಈ ಸೈಜು ಎಲ್ಲರಿಗೂ ಆಗುತ್ತೆ’ ಅಂದ ಹಾಗೆ. ಬಣ್ಣ ನೋಡಿ ಕೊಂಡವನ ಹಲಗೆ ಎರಡನೇ ತಿಂಗಳಿಗೆ ಅಟ್ಟ ಸೇರುತ್ತದೆ.

ಲೆಕ್ಕ ಅಂಗಡಿಯವರಿಗೆ ಗೊತ್ತಿರುವುದೇ. ಒಂದು ಲೀಟರ್ ಜಾಗ ಒಂದು ಕೆಜಿ ಭಾರವನ್ನು ತೇಲಿಸುತ್ತದೆ. ಎಪ್ಪತ್ತೈದು ಕೆಜಿಯ ಆಸಾಮಿ, ಹನ್ನೆರಡು ಕೆಜಿಯ ಹಲಗೆ, ಹುಟ್ಟು, ಜಾಕೆಟ್ಟು, ಕುಡಿಯುವ ನೀರು ಎಲ್ಲ ಸೇರಿ ತೊಂಬತ್ತು ಕೆಜಿ ಹಿಡಿಯಿರಿ. ತೊಂಬತ್ತು ಲೀಟರಿನ ಹಲಗೆ ಅಷ್ಟನ್ನೂ ತೇಲಿಸೀತು, ಆದರೆ ಮೇಲ್ಮೈ ನೀರಿನ ಮಟ್ಟಕ್ಕೆ ಇಳಿದಿರುತ್ತದೆ, ಅದರ ಮೇಲೆ ನಿಲ್ಲುವುದು ಸರ್ಕಸ್ಸು. ಹೊಸಬನಿಗೆ ಮೈ ತೂಕದ ಎರಡರಷ್ಟು ಲೀಟರು ಬೇಕು. ಅಂದರೆ ನೂರೈವತ್ತು. ಮುಂದೆ ಮಗುವನ್ನು ಕೂರಿಸಿಕೊಳ್ಳುವ ಆಸೆಯಿದ್ದರೆ ನೂರೆಂಬತ್ತರ ಹತ್ತಿರ. ಈ ಅಂಕಿ ಹಲಗೆಯ ಮೇಲೇ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ ತಿಳಿಯಬೇಕು.

ಎರಡನೆಯದು ಅಗಲ. ನಮ್ಮ ಹರಿಗೋಲು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ದುಂಡಗೆ ಅಗಲಕ್ಕೆ ಇರುವುದರಿಂದ ಅದು ಸುಲಭಕ್ಕೆ ಮಗುಚುವುದಿಲ್ಲ, ಆದರೆ ನೆಟ್ಟಗೆ ಹೋಗು ಅಂದರೆ ಗಿರಗಿರ ತಿರುಗುತ್ತದೆ. ಉದ್ದನೆಯ ದೋಣಿ ನೆಟ್ಟಗೆ ಓಡುತ್ತದೆ, ಎದ್ದು ನಿಂತರೆ ಹೊಯ್ದಾಡುತ್ತದೆ. ಹಲಗೆ ಇವೆರಡರ ನಡುವಿನದು. ಪಂದ್ಯದ ಹಲಗೆ ಹನ್ನೆರಡೂವರೆ, ಹದಿನಾಲ್ಕು ಅಡಿ ಉದ್ದ, ಮೂತಿ ದೋಣಿಯಂತೆ ಚೂಪು, ಅಗಲ ಇಪ್ಪತ್ತಾರು ಅಂಗುಲದ ಆಸುಪಾಸು. ಅಲೆಗೆಂದೇ ಮಾಡಿದ್ದು ಎಂಟು ಒಂಬತ್ತು ಅಡಿಯ ಮೋಟು, ಕೆರೆಯಲ್ಲಿ ಸೊಟ್ಟಸೊಟ್ಟ ಓಡುತ್ತದೆ. ಎಲ್ಲಕ್ಕೂ ಒಂದೇ ಬೇಕೆನ್ನುವವನು ಹತ್ತರಿಂದ ಹನ್ನೊಂದು ಅಡಿ ಉದ್ದ, ಮೂವತ್ತೆರಡು ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ, ದುಂಡು ಮೂತಿ, ಚಪ್ಪಟೆ ತಳ ನೋಡಿದರೆ ಸಾಕು. ದೇಹ ಭಾರಿಯಾಗಿದ್ದರೆ ಮೂವತ್ನಾಲ್ಕು ಅಂಗುಲ. ಪಂದ್ಯದಲ್ಲಿ ಗೆಲ್ಲುವುದಿಲ್ಲ, ದೊಡ್ಡ ಅಲೆಯಲ್ಲಿ ಮಿಂಚುವುದಿಲ್ಲ. ಮನೆಯ ನಾಲ್ಕು ಜನ ವರ್ಷವಿಡೀ ಬಳಸಬಹುದು.

ಹಲಗೆಯ ಅಡಿ ಹಿಂದುಗಡೆ ಮೀನಿನ ರೆಕ್ಕೆಯಂಥ ಫಿನ್ ಇರುತ್ತದೆ. ನೆಟ್ಟಗೆ ಹೋಗಲು ಅದೇ ಆಧಾರ. ಪೇಟೆಯ ಹಲಗೆಗಳಿಗೆ ಒಂಬತ್ತು ಹತ್ತು ಅಂಗುಲದ ದೊಡ್ಡ ಫಿನ್ ಹಾಕಿ ಕೊಡುತ್ತಾರೆ. ಹಿನ್ನೀರಿಗೆ ಅದು ಸರಿ. ಊರ ಕೆರೆಗಳ ಪಾಡು ಬೇರೆ: ಹೂಳು, ಜೊಂಡು, ಅಂತರಗಂಗೆ, ತಾವರೆ ಬಳ್ಳಿ. ಬೇಸಿಗೆ ಬಂದರೆ ಮೊಣಕಾಲುದ್ದ ನೀರು, ಒಳಗೆ ಮರದ ಬೊಡ್ಡೆ. ಓಡುವ ಹಲಗೆಯ ಫಿನ್ ಬೊಡ್ಡೆಗೆ ತಾಗಿದರೆ ಹಲಗೆ ಗಕ್ಕನೆ ನಿಲ್ಲುತ್ತದೆ, ನಿಂತವನು ಮುಂದಕ್ಕೆ ಹಾರುತ್ತಾನೆ. ಆದ್ದರಿಂದ ಬಿಚ್ಚಿ ಬದಲಿಸುವ ಫಿನ್ ಇರುವ ಹಲಗೆಯನ್ನೇ ಕೊಳ್ಳಬೇಕು. ಜೊಂಡು ಸಿಕ್ಕಿಕೊಳ್ಳದ ಹಾಗೆ ಹಿಂದಕ್ಕೆ ಬಾಗಿದ ಗಿಡ್ಡ ಫಿನ್ನೊಂದನ್ನು ಜೊತೆಗೇ ತರಿಸಿಟ್ಟುಕೊಳ್ಳಬೇಕು. ನಮ್ಮ ಕಡೆಯವರಿಗೆ ಬಣ್ಣಕ್ಕಿಂತ, ಬ್ರಾಂಡಿಗಿಂತ ಇದು ಮುಖ್ಯ.

ಗಟ್ಟಿ ಹಲಗೆ ಅಂತಾರಲ್ಲ, ಒಳಗೆ ಏನಿದೆ? ಥರ್ಮೊಕೋಲು. ಮೇಲೆ ಫೈಬರ್ ಬಟ್ಟೆ ಹಾಸಿ ಎಪಾಕ್ಸಿ ಅಂಟಿನಲ್ಲಿ ಬಿಗಿದಿರುತ್ತಾರೆ. ತೂಕ ಕಮ್ಮಿ, ನೀರಿನಲ್ಲಿ ಓಟ ಚೆಂದ. ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ, ಬಿರುಕಿನಿಂದ ಒಳಗೆ ನೀರು ಇಳಿಯುತ್ತದೆ. ಆಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಬಳಿದರೆ ಥರ್ಮೊಕೋಲು ಕರಗಿ ಹೋಗುತ್ತದೆ. ತೇಪೆಗೂ ಎಪಾಕ್ಸಿಯೇ ಆಗಬೇಕು. ಅಂಗಳದಲ್ಲಿ ಅಡಿಕೆ ಒಣಗಿಸಿದ ಹಾಗೆ ಇದನ್ನು ಬಿಸಿಲಿಗೆ ಹಾಕುವಂತಿಲ್ಲ. ಒಳಗಿನ ಗಾಳಿ ಹಿಗ್ಗಿ ಮೇಲಿನ ಪದರ ಹಪ್ಪಳದಂತೆ ಏಳುತ್ತದೆ. ಪ್ಲಾಸ್ಟಿಕ್ಕಿನ ಹಲಗೆಯೂ ಬರುತ್ತದೆ. ಕಲ್ಲಿಗೂ ಜಗ್ಗದು, ಆದರೆ ಇಪ್ಪತ್ತು ಕೆಜಿ ಮೀರುವುದುಂಟು, ಏರಿ ಹತ್ತಿಸಿ ಇಳಿಸುವಷ್ಟರಲ್ಲಿ ಉಸಿರು ಬಿಡುತ್ತದೆ. ಬಾಡಿಗೆಗೆ ಬಿಡುವವರಿಗೆ ಅದು ಸರಿ.

ನೀರಿನಿಂದ ನಡೆಯುವಷ್ಟು ದೂರದಲ್ಲಿ ಮನೆಯಿಲ್ಲದವನು, ತಲೆ ಮೇಲೆ ಕಟ್ಟಿಕೊಂಡು ಹೋಗಲು ಜೀಪೋ ಓಮ್ನಿಯೋ ಇಲ್ಲದವನು ಗಟ್ಟಿ ಹಲಗೆಯ ಆಸೆ ಬಿಡುವುದೇ ಲೇಸು. ಗಾಳಿ ತುಂಬುವ ಹಲಗೆ ಚೀಲದಲ್ಲಿ ಮಡಚಿ ಬಸ್ಸಿನಲ್ಲಿ ಒಯ್ಯಬಹುದು. ಓಟ ಸ್ವಲ್ಪ ಮಂದ, ಗಾಳಿಗೆ ಬೇಗ ತೇಲಿಹೋಗುತ್ತದೆ, ಪಂಪು ಹೊಡೆದು ರಟ್ಟೆ ಸೋಲುತ್ತದೆ. ಆದರೂ ಕಂಡಕ್ಟರ್ ಜೊತೆ ಜಗಳವಿಲ್ಲ.

ಹುಟ್ಟಿನ ಅಳತೆಗೆ ಟೇಪು ಬೇಡ: ನಿಮ್ಮ ಎತ್ತರಕ್ಕೆ ಒಂದು ಗೇಣು ಕೂಡಿಸಿ. ಮನೆಮಂದಿಗೆಲ್ಲ ಒಂದೇ ಆದರೆ ಉದ್ದ ಗಿಡ್ಡ ಮಾಡುವಂಥದ್ದು ಸಿಗುತ್ತದೆ. ಹುಟ್ಟಿನ ಎಲೆ ಮುಂದಕ್ಕೆ ಬಾಗಿರಬೇಕು. ಹೊಸಬರು ಹಿಂದುಮುಂದಾಗಿ ಹಿಡಿದು ಒದ್ದಾಡುತ್ತಾರೆ.

ಇನ್ನು ಜೀವದ ಮಾತು. ಹಲಗೆಗೆ ಸಾವಿರಗಟ್ಟಲೆ ಸುರಿದು ಜಾಕೆಟ್ಟಿಗೆ ಕೈ ಹಿಡಿಯುವುದು ನಮ್ಮಲ್ಲಿ ಮಾಮೂಲು. ಗಣಪತಿ ಬಿಡುವ ದಿನ ಡ್ರಮ್ಮು ಕಟ್ಟಿದ ತೆಪ್ಪದ ಮೇಲೆ ಈಜು ಬಾರದವರು ನಿಂತಿರುವುದನ್ನು ನೋಡಿದವರಿಗೆ ಹೇಳಬೇಕಿಲ್ಲ. ಲಾರಿ ಟ್ಯೂಬು ಜಾಕೆಟ್ಟಲ್ಲ. ಮೈಗೆ ಬಿಗಿಯಾಗಿ ಪಟ್ಟಿ ಕಟ್ಟುವ ಜಾಕೆಟ್ಟಿನ ದುಡ್ಡು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಹಲಗೆ ನೋಡಬೇಕು. ಹಲಗೆಗೂ ಕಾಲಿಗೂ ಕಟ್ಟುವ ಹಗ್ಗ ನಿಂತ ನೀರಿನಲ್ಲಿ ಕಾಪಾಡುತ್ತದೆ. ಬಿದ್ದಾಗ ಗಾಳಿ ಹಲಗೆಯನ್ನು ಆಚೆ ದಡಕ್ಕೆ ಒಯ್ಯುವುದಿಲ್ಲ. ಅದೇ ಹಗ್ಗ ಹರಿಯುವ ಹೊಳೆಯಲ್ಲಿ ಕೊಂಬೆಗೆ ಸಿಕ್ಕಿದರೆ ಮನುಷ್ಯನನ್ನು ನೀರಿನಡಿ ಹಿಡಿದಿಡುತ್ತದೆ. ಅಲ್ಲಿ ಬಳಸುವುದು ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗ. ಮಳೆಗಾಲದ ವರದೆಗೂ ಕುಮದ್ವತಿಗೂ ಯಾವ ಹಗ್ಗವೂ ಬೇಡ, ಇಳಿಯಲೇಬೇಡಿ. ತೂಬಿನ ಹತ್ತಿರ, ಕೋಡಿ ಬಿದ್ದ ಕೆರೆಯಲ್ಲಿ ಕೂಡ.

ಕೆರೆ ಯಾರದು ಎಂಬುದನ್ನೂ ಕೇಳಿಕೊಳ್ಳಬೇಕು. ನಲವತ್ತು ಹೆಕ್ಟೇರು ಮೀರಿದ ಅಚ್ಚುಕಟ್ಟಿನದು ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು, ಚಿಕ್ಕದು ಪಂಚಾಯಿತಿಗೆ. ಮೀನಿನ ಗುತ್ತಿಗೆ ಹಿಡಿದವನ ಬಲೆ ನೀರೊಳಗಿದ್ದರೆ ಫಿನ್ನಿಗೂ ಜಗಳ, ಮಾಲೀಕನಿಗೂ ಜಗಳ. ಸೊರಬದ ಗುಡವಿ ಪಕ್ಷಿಧಾಮದ ಕೆರೆಯ ಕಡೆ ಹಲಗೆ ತಿರುಗಿಸುವುದೇ ಬೇಡ. ಅದು ಹಕ್ಕಿ ಗೂಡು ಕಟ್ಟುವ ಜಾಗ.

ಕೊಳ್ಳುವ ಮೊದಲು ಮುಲ್ಕಿಯ ಕಡೆ ಹೋಗಿ ಒಂದು ಗಂಟೆ ಬಾಡಿಗೆ ಹಲಗೆ ಮೇಲೆ ನಿಂತು ಬಂದರೆ ಅರ್ಧ ಗೊಂದಲ ಕಳೆಯುತ್ತದೆ. ಹಳೆ ಹಲಗೆ ಅಗ್ಗಕ್ಕೆ ಸಿಕ್ಕರೆ ಬೆರಳಿಂದ ಉದ್ದಕ್ಕೂ ತಟ್ಟಿ ನೋಡಿ, ಹಲಸಿನ ಹಣ್ಣು ತಟ್ಟುವ ಹಾಗೆ. ಸದ್ದು ಎಲ್ಲಾದರೂ ಬೇರೆಯಾದರೆ ಅಲ್ಲಿ ಪದರ ಬಿಟ್ಟಿದೆ. ಹೆಬ್ಬೆಟ್ಟಿಗೆ ಮೆತ್ತಗಾದರೂ ಅಷ್ಟೆ. ಕೊನೆಗೆ ಅಂಗಡಿಯ ತಕ್ಕಡಿಗೆ ಹಾಕಿ ತೂಗಿ. ಕಂಪನಿ ಹೇಳಿದ ತೂಕಕ್ಕಿಂತ ಎರಡು ಮೂರು ಕೆಜಿ ಜಾಸ್ತಿ ಬಂದರೆ ಆ ಜಾಸ್ತಿ ತೂಕ ಒಳಗೆ ಕೂತ ನೀರಿನದ್ದೇ ಇರಬೇಕು.