ಮದರಾಸಿನ ಆ ತುಂಬಿದ ಮನೆಯ ಯಜಮಾನಿ

ಮದರಾಸಿನಲ್ಲಿ ನೆಲಸಿರುವ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ರಾಜಕುಮಾರರ ಮಾತು ಬಂತೆಂದರೆ, "ಅವರೂ ನಮ್ಮ ಹಾಗೆಯೇ ಇಲ್ಲಿದ್ದವರು" ಎಂದು ಸೇರಿಸದೆ ಬಿಡುವುದಿಲ್ಲ. ಈ ಹೆಮ್ಮೆಗೆ ಆಧಾರವುಂಟು. ಕನ್ನಡ ಚಿತ್ರಗಳೆಲ್ಲ ಕೋಡಂಬಾಕ, ವಡಪಳನಿಗಳ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಅವರ ಸಂಸಾರ ಈ ಊರಿನಲ್ಲಿಯೇ ಇತ್ತು. ಆದರೆ ನಟನ ವಿಷಯ ಎಷ್ಟು ಬರೆದರೂ ಮುಗಿಯದಿರುವಾಗ, ಆ ಸಂಸಾರವನ್ನು ಹೊತ್ತವರ ವಿಷಯ ಅರ್ಧ ಪುಟಕ್ಕೆ ನಿಂತುಹೋಗುತ್ತದೆ. ಪಾರ್ವತಮ್ಮನವರ ಬಗ್ಗೆ ಇಂದು ನಾವು ಬರೆಯಹೊರಟಿರುವುದು ಈ ಕಾರಣದಿಂದ.

ಪಾರ್ವತಮ್ಮನವರು ಹುಟ್ಟಿದ್ದು 1939ರ ಡಿಸೆಂಬರ್ 6ರಂದು, ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ. ಮದುವೆಯಾದದ್ದು 1953ರ ಜೂನ್ 25ರಂದು, ನಂಜನಗೂಡಿನಲ್ಲಿ. ಲೆಕ್ಕ ಹಾಕಿದರೆ ವಧುವಿಗೆ ಹದಿಮೂರೂವರೆ ವರ್ಷ, ವರನಿಗೆ ಇಪ್ಪತ್ತನಾಲ್ಕು. ಅಂದಿನ ಸಂಪ್ರದಾಯ ಹಾಗಿತ್ತು ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಹೆಣ್ಣುಮಕ್ಕಳಿರುವ ನಮ್ಮಂಥವರಿಗೆ ಆ ವಯಸ್ಸನ್ನು ಓದಿದಾಗ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಶಾಲೆಯ ಚೀಲ ಹೊರಬೇಕಾದ ಹುಡುಗಿ ನಾಟಕದ ಕಂಪನಿಯವರ ಮನೆಗೆ ಸೊಸೆಯಾಗಿ ಬಂದಳು. ಆಗ ವರನ ಹೆಸರು ಇನ್ನೂ ಮುತ್ತುರಾಜ. ಸಂಪಾದನೆ ಅಷ್ಟಕ್ಕಷ್ಟೆ.

ಮರು ವರ್ಷ, 1954ರಲ್ಲಿ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ 'ಬೇಡರ ಕಣ್ಣಪ್ಪ' ಬಂತು; ಮುತ್ತುರಾಜ ರಾಜಕುಮಾರರಾದರು. ಒಂದು ಚಿತ್ರ ಗೆದ್ದರೆ ಮನೆಯ ಬಡತನ ಹರಿದುಹೋಗುತ್ತದೆಂದು ನಾವು ಭಾವಿಸುತ್ತೇವೆ. ಹಾಗಾಗಲಿಲ್ಲ. ಕನ್ನಡಕ್ಕೆ ಮಾರುಕಟ್ಟೆ ಚಿಕ್ಕದು. ವರ್ಷಕ್ಕೆ ಬರುವ ಚಿತ್ರಗಳೇ ಬೆರಳೆಣಿಕೆಯವು. ಕೆಲಸವಿಲ್ಲದೆ ಕಲಾವಿದರೇ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಸೇರಿ 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ತಯಾರಿಸಿದರು. ಪಕ್ಕದ ಸೆಟ್ಟಿನಲ್ಲಿ ತಮಿಳು, ತೆಲುಗು ಚಿತ್ರಗಳಿಗೆ ಕೈತುಂಬ ಹಣ ಸಿಗುತ್ತಿದ್ದಾಗಲೂ ರಾಜಕುಮಾರರು ಕನ್ನಡಕ್ಕೇ ಅಂಟಿಕೊಂಡರು ಎಂದು ನಾವು ಹೊಗಳುತ್ತೇವೆ. ಹೊಗಳಲಿ. ಗಂಡ ಹಾಗೆ ಅಂಟಿಕೊಂಡಾಗ ತಿಂಗಳ ಕೊನೆಯಲ್ಲಿ ಅಕ್ಕಿಯ ಡಬ್ಬದ ತಳ ನೋಡುವವರು ಯಾರು ಎಂಬುದನ್ನು ಸಂಬಳದ ಮೇಲೆ ಬದುಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಯಲ್ಲಿ ಗಂಡ ಹೆಂಡಿರಿಬ್ಬರೇ ಇರಲಿಲ್ಲ. ಮೈದುನ ವರದರಾಜರ ಸಂಸಾರ, ನಾದಿನಿಯ ಸಂಸಾರ, ಅವರವರ ಮಕ್ಕಳು, ಊರಿನಿಂದ ಬಂದುಹೋಗುವ ನೆಂಟರು ಎಲ್ಲ ಸೇರಿ ಅದೊಂದು ಛತ್ರದಂಥ ಮನೆ. ಲಕ್ಷ್ಮಿ, ಶಿವರಾಜ, ರಾಘವೇಂದ್ರ, ಪೂರ್ಣಿಮಾ, ಕೊನೆಗೆ ಪುನೀತ—ಹೀಗೆ ಐದು ಮಕ್ಕಳು. ಯಾರಿಗೆ ಊಟವಾಯಿತು, ಯಾರ ಫೀಸು ಕಟ್ಟಬೇಕು ಎಂಬ ನೆನಪು ಒಬ್ಬರ ತಲೆಯಲ್ಲಿರಬೇಕು.

ಇನ್ನು ಭಕ್ತಿಯ ಮಾತು. ರಾಜಕುಮಾರರು ಬೇಡರ ಕಣ್ಣಪ್ಪನಾದರು (ನಮ್ಮ ತಮಿಳು ನೆರೆಯವರ ಅರವತ್ತುಮೂವರು ನಾಯನ್ಮಾರರಲ್ಲಿ ಒಬ್ಬನೇ ಈತ), 1960ರಲ್ಲಿ ಕನಕದಾಸರಾದರು, 1962ರಲ್ಲಿ ಕಬೀರರಾದರು, 1963ರಲ್ಲಿ ತುಕಾರಾಮರಾದರು, 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರ ಸ್ವಾಮಿಗಳಾದರು. 1965ರಲ್ಲಿ ಹುಟ್ಟಿದ ಎರಡನೆಯ ಮಗನಿಗೂ ಗುರುರಾಯರ ಹೆಸರೇ. ತೆರೆಯ ಮೇಲೆ ತುಕಾರಾಮ ಅಭಂಗದಲ್ಲಿ ಮೈಮರೆಯುವಾಗ ಮನೆಯಲ್ಲಿ ಹಿಟ್ಟಿಲ್ಲವೆಂದು ರೇಗುವ ಹೆಂಡತಿಯನ್ನು ಕಂಡು ನಾವೆಲ್ಲ ನಗುತ್ತೇವೆ. ಆ ಹೆಂಗಸಿನ ಪಕ್ಷ ವಹಿಸಿ ಯಾರೂ ಒಂದು ಕೀರ್ತನೆ ಹಾಡಿದಂತಿಲ್ಲ. ಸಂತನ ಮನೆಯಲ್ಲಾದರೂ ಒಲೆ ಉರಿಯಬೇಕಷ್ಟೆ. ಪಾರ್ವತಮ್ಮನವರ ಭಕ್ತಿ ಈ ಒಲೆಯ ಕಡೆಯದೆಂದು ನಮಗೆ ತೋರುತ್ತದೆ.

1975ನೆಯ ವರ್ಷ ಆ ಮನೆಗೆ ವಿಶೇಷವಾದದ್ದು. ಮಾರ್ಚ್ 17ರಂದು ಕಿರಿಯ ಮಗ ಇದೇ ಮದರಾಸಿನಲ್ಲಿ ಹುಟ್ಟಿದ. ಮೊದಲಿಟ್ಟ ಹೆಸರು ಲೋಹಿತ್. ಅದೇ ವರ್ಷ ಪಾರ್ವತಮ್ಮನವರು ನಿರ್ಮಾಪಕಿಯಾಗಿ ತಮ್ಮ ಮೊದಲ ಚಿತ್ರ 'ತ್ರಿಮೂರ್ತಿ'ಯನ್ನು ತೆರೆಗೆ ತಂದರು. ಮೂವತ್ತೈದರ ಹರೆಯದಲ್ಲಿ ಕೈಗೂಸನ್ನು ಕಟ್ಟಿಕೊಂಡು, ಗಂಡಸರೇ ತುಂಬಿದ್ದ ವ್ಯವಹಾರಕ್ಕೆ ಇಳಿದದ್ದು ಸಣ್ಣ ಸಾಹಸವಲ್ಲ. ಫಿಲಮ್ಮಿನ ಖರ್ಚು, ಹಂಚಿಕೆದಾರರ ಮುಂಗಡ, ಚಿತ್ರಮಂದಿರದ ಬಾಡಿಗೆ—ಇವೆಲ್ಲ ಮನೆ ಖರ್ಚಿನ ಪುಸ್ತಕದ ದೊಡ್ಡಣ್ಣಂದಿರು. ಆ ಪುಸ್ತಕವನ್ನು ಇಪ್ಪತ್ತು ವರ್ಷ ಬರೆದವರಿಗೆ ಇದು ತೀರ ಹೊಸದಾಗಿರಲಿಕ್ಕಿಲ್ಲ. ಒಟ್ಟು ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಅವರು ನಿರ್ಮಿಸಿದರು. ಸುಧಾರಾಣಿ, ಮಾಲಾಶ್ರೀ, ರಕ್ಷಿತಾ, ರಮ್ಯಾ ಮೊದಲಾದ ನಾಯಕಿಯರು ಬೆಳಕಿಗೆ ಬಂದದ್ದು ಅವರ ಸಂಸ್ಥೆಯ ಚಿತ್ರಗಳಲ್ಲಿ. ಅವರ ಹಿಡಿತ ಬಿಗಿ ಎಂದು ಗೊಣಗಿದವರೂ ಇದ್ದರು. ಹೆಂಗಸು ಲೆಕ್ಕ ಕೇಳಿದರೆ ಬಿಗಿ, ಗಂಡಸು ಕೇಳಿದರೆ ದಕ್ಷತೆ. ಇದು ನಮ್ಮ ಕಚೇರಿಗಳಲ್ಲೂ ಕಾಣುವ ಸಂಗತಿ.

ಅವರು ನಿರ್ಮಿಸಿದ ಚಿತ್ರಗಳಲ್ಲಿ ನಮಗೆ ಬಹಳ ಹಿಡಿಸಿದ್ದು 1985ರ 'ಬೆಟ್ಟದ ಹೂವು'. ಬಡ ಹುಡುಗ ರಾಮು 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಬೆಟ್ಟ ಹತ್ತಿ ಹೂವು ಕಿತ್ತು ತಂದು ಮಾರಿ ಕಾಸು ಕೂಡಿಡುತ್ತಾನೆ. ಕೊನೆಗೆ ಆ ಹಣದಲ್ಲಿ ಚಳಿಗೆ ನಡುಗುವ ಮನೆಯವರಿಗಾಗಿ ಕಂಬಳಿ ತರುತ್ತಾನೆ. ಪುಣ್ಯಗ್ರಂಥವೋ ಮನೆಯವರ ಮೈ ಬಿಸಿಯೋ ಎಂಬ ಪ್ರಶ್ನೆಯನ್ನು ಹತ್ತು ವರ್ಷದ ಹುಡುಗನ ಮುಂದಿಟ್ಟ ಕಥೆ ಅದು. ಆ ಪಾತ್ರಕ್ಕೆ ಪುನೀತನಿಗೆ ರಾಷ್ಟ್ರಪ್ರಶಸ್ತಿ ಬಂತು. ಹಣ ಹೂಡಿದ ನಿರ್ಮಾಪಕಿ, ಹುಡುಗನನ್ನು ಹೆತ್ತ ತಾಯಿ, ಇಬ್ಬರೂ ಒಬ್ಬರೇ.

ಅಷ್ಟು ಹೊತ್ತಿಗೆ ಸಂಸಾರ ಮದರಾಸನ್ನು ಬಿಟ್ಟು ಕರ್ನಾಟಕಕ್ಕೆ ಮರಳಿತ್ತು. ಕನ್ನಡ ಚಿತ್ರರಂಗವೇ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಯಿತೆನ್ನಿ.

2000ನೆಯ ಇಸವಿಯ ಜುಲೈ 30ರ ರಾತ್ರಿ ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬೇಕು. ಗಾಜನೂರು ನಮ್ಮ ತಮಿಳುನಾಡಿಗೇ ಸೇರಿದ ತಾಳವಾಡಿ ಸೀಮೆಯ ಕನ್ನಡದ ಹಳ್ಳಿ. ಅಲ್ಲಿಯ ಮನೆಗೆ ನುಗ್ಗಿದ ವೀರಪ್ಪನ್ ರಾಜಕುಮಾರರನ್ನು ಕಾಡಿಗೆ ಕರೆದೊಯ್ದ. ಹೋಗುವಾಗ ಸರ್ಕಾರಕ್ಕೆ ತಲುಪಿಸೆಂದು ಒಂದು ಕ್ಯಾಸೆಟ್ಟನ್ನು ಪಾರ್ವತಮ್ಮನವರ ಕೈಗೆ ಕೊಟ್ಟ. ಅರವತ್ತು ದಾಟಿದ ಆ ಹೆಂಗಸು ಗಂಡನನ್ನು ಕಣ್ಣೆದುರೇ ಕಳೆದುಕೊಂಡು, ರಾತ್ರಿಯೇ ಹೊರಟು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರಿಗೆ ಅದನ್ನು ಮುಟ್ಟಿಸಿದರು. ಮರುದಿನ ಕೃಷ್ಣ ಅವರು ಇಲ್ಲಿಗೆ ಬಂದು ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕಂಡರು. ನಾವು ಆಗ ಶಾಲೆಗೆ ಹೋಗುವ ವಯಸ್ಸಿನವರು. ಬಸ್ಸಿನಲ್ಲಿ ಕನ್ನಡ ಮಾತನಾಡುವಾಗ ಮನೆಯ ಹಿರಿಯರು ದನಿ ತಗ್ಗಿಸುತ್ತಿದ್ದುದು ಈಗಲೂ ನೆನಪಿದೆ. ಬೆಂಗಳೂರಿನಲ್ಲಿದ್ದ ತಮಿಳರ ಮನೆಗಳಲ್ಲೂ ಅದೇ ಭಯವಿತ್ತು. ನೂರೆಂಟು ದಿನ ಕಳೆದು ನವೆಂಬರ್ 15ರಂದು ರಾಜಕುಮಾರರು ಬಿಡುಗಡೆಯಾದರು. ಆ ನೂರೆಂಟು ದಿನಗಳನ್ನು ಎರಡು ರಾಜ್ಯಗಳು ಎಣಿಸಿದವು. ಆದರೆ ರಾತ್ರಿಗಳನ್ನು ಎಣಿಸಿದವರು ಆಕೆ.

2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡರು. ದಾಂಪತ್ಯದ ಲೆಕ್ಕ 52 ವರ್ಷ 9 ತಿಂಗಳು. ಆಮೇಲೂ ಪಾರ್ವತಮ್ಮನವರು ಸುಮ್ಮನೆ ಕೂರಲಿಲ್ಲ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ನೆರವಾಗುವ ಮೈಸೂರಿನ ಶಕ್ತಿಧಾಮದ ಕೆಲಸವನ್ನು ನೋಡಿಕೊಂಡರು. ಮೊಮ್ಮಕ್ಕಳು ಬೆಳೆದರು, ಮೊಮ್ಮಗ ವಿನಯ್ 2015ರಲ್ಲಿ 'ಸಿದ್ಧಾರ್ಥ' ಚಿತ್ರದಲ್ಲಿ ನಾಯಕನಾದುದನ್ನು ಅಜ್ಜಿ ಕಣ್ಣಾರೆ ಕಂಡರು. 2017ರ ಮೇ 31ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಗಂಡನಂತೆ ಅವರ ನೇತ್ರಗಳನ್ನೂ ದಾನ ಮಾಡಲಾಯಿತು. ಕಂಠೀರವ ಸ್ಟುಡಿಯೋದಲ್ಲಿ ಪತಿಯ ಪಕ್ಕದಲ್ಲಿ ಮಣ್ಣಾದರು. 2021ರ ಅಕ್ಟೋಬರ್ 29ರಂದು ಕಿರಿಯ ಮಗ ನಲವತ್ತಾರಕ್ಕೇ ಹೋದಾಗ, ಆ ತಾಯಿ ಇದನ್ನು ಕಾಣದೆ ಹೋದದ್ದೇ ಮೇಲಾಯಿತು ಎಂದು ನಮ್ಮ ಮನೆಯ ಹೆಂಗಸರೆಲ್ಲ ಒಂದೇ ಬಾಯಿಂದ ಹೇಳಿದರು. ಆತನ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು.

2023ರಲ್ಲಿ ರಜನಿಕಾಂತರ 'ಜೈಲರ್' ಚಿತ್ರದಲ್ಲಿ ಶಿವರಾಜಕುಮಾರರು ಕೆಲವೇ ನಿಮಿಷ ಕಾಣಿಸಿಕೊಂಡಾಗ ಇಲ್ಲಿಯ ಚಿತ್ರಮಂದಿರಗಳಲ್ಲಿ ತಮಿಳು ಹುಡುಗರು ಹಾಕಿದ ಶಿಳ್ಳೆಯನ್ನು ನಾವೂ ಕೇಳಿದೆವು. ಆತ ಇದೇ ಊರಿನಲ್ಲಿ ಓದಿ ಬೆಳೆದ ಹುಡುಗನೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತೋ!

ನಮ್ಮ ಸಂಘದ ಹಿರಿಯರಲ್ಲಿ ಆ ಮದರಾಸಿನ ಮನೆಯನ್ನು ಕಂಡವರು, ಅಲ್ಲಿ ಒಂದು ಲೋಟ ಕಾಫಿಯನ್ನಾದರೂ ಕುಡಿದವರು ಇನ್ನೂ ಇದ್ದಾರು. ಅಂಥವರು ತಮ್ಮ ನೆನಪುಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಬರೆಯಲು ಕೈ ನಡುಗುವವರು ಮೊಮ್ಮಕ್ಕಳಿಂದ ಬರೆಸಿದರೂ ಆದೀತು.