‘ನೀವು ಇಲ್ಲಿದ್ದೀರಿ’ ಎಂಬ ಆಕಾಶಗಂಗೆಯ ಫೋಟೊ ನಿಜವೇ?

ಸುರುಳಿ ಸುರುಳಿಯಾಗಿ ಹರಡಿದ ನಕ್ಷತ್ರಗಳ ಬಳಗ. ಅದರ ಅಂಚಿನತ್ತ ಒಂದು ಬಾಣ, ಪಕ್ಕದಲ್ಲಿ ‘ನೀವು ಇಲ್ಲಿದ್ದೀರಿ’. ಕೆಳಗೆ ‘ಇದು ನಮ್ಮ ಆಕಾಶಗಂಗೆಯ ನಿಜವಾದ ಫೋಟೊ’ ಎಂಬ ಒಕ್ಕಣೆ. ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಇದು ಬಂದಿರಬಹುದು.

ಚಿತ್ರ ಚೆನ್ನಾಗಿದೆ, ಆದರೆ ಒಕ್ಕಣೆ ತಪ್ಪು. ನಮ್ಮ ಆಕಾಶಗಂಗೆಯನ್ನು ಹೊರಗಿನಿಂದ ಯಾರೂ, ಯಾವ ಕ್ಯಾಮೆರಾವೂ ಈವರೆಗೆ ನೋಡಿಲ್ಲ. ಅದರ ಅಗಲವೇ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಇಡಿಯಾಗಿ ಚಿತ್ರ ತೆಗೆಯಬೇಕಾದರೆ ಹತ್ತಾರು ಸಾವಿರ ಜ್ಯೋತಿರ್ವರ್ಷ ಆಚೆ ಹೋಗಿ ತಿರುಗಿ ನೋಡಬೇಕು. ಮನುಷ್ಯ ಕಳಿಸಿದ ನೌಕೆಗಳಲ್ಲಿ ಅತಿ ದೂರ ಹೋಗಿರುವುದು 1977ರಲ್ಲಿ ಹೊರಟ ವಾಯೇಜರ್-1. ಬೆಳಕು ಒಂದೇ ದಿನದಲ್ಲಿ ಸಾಗುವ ದೂರವನ್ನು ಕ್ರಮಿಸಲು ಅದಕ್ಕೆ ಸರಿಸುಮಾರು ಅರ್ಧ ಶತಮಾನ ಬೇಕು!

ಹಾಗಾದರೆ ಆ ಚಿತ್ರ ಯಾವುದು? ಸಾಮಾನ್ಯವಾಗಿ ಎರಡರಲ್ಲೊಂದು. ಸುರುಳಿ ಓರೆಯಾಗಿ ಮಲಗಿದಂತಿದ್ದು, ಹತ್ತಿರದಲ್ಲಿ ಎರಡು ಚಿಕ್ಕ ಬೆಳಕಿನ ಉಂಡೆಗಳಿದ್ದರೆ ಅದು ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿ. ಫೋಟೊ ನಿಜ, ಹೆಸರು ಮಾತ್ರ ಬದಲು. ಸುರುಳಿ ನೇರ ಮೇಲಿನಿಂದ ಕಂಡು, ನಡುವೆ ಉದ್ದನೆಯ ಪಟ್ಟಿಯಂಥ ಬೆಳಕಿದ್ದರೆ ಅದು ಬಹುಮಟ್ಟಿಗೆ 2008ರಲ್ಲಿ ನಾಸಾ ಪ್ರಕಟಿಸಿದ, ರಾಬರ್ಟ್ ಹರ್ಟ್ ರಚಿಸಿದ ಕಲಾಚಿತ್ರ.

ಹೊರಗೆ ಹೋಗದೆ ಸುರುಳಿ ಎಂದು ಹೇಗೆ ಗೊತ್ತಾಯಿತು? ಜಾತ್ರೆಯ ನಡುವೆ ನಿಂತವರಿಗೆ ಸುತ್ತಲಿನ ತಲೆಗಳು ಕಾಣುತ್ತವೆಯೇ ಹೊರತು ಜಾತ್ರೆಯ ಆಕಾರ ಕಾಣುವುದಿಲ್ಲ. ನಮ್ಮ ಸ್ಥಿತಿಯೂ ಅದೇ. ಸಾಲದ್ದಕ್ಕೆ ನಕ್ಷತ್ರಗಳ ನಡುವಿನ ದೂಳು ಬೆಳಕನ್ನು ತಡೆಯುತ್ತದೆ. 1951ರಲ್ಲಿ ಎರಡು ದಾರಿ ತೆರೆದವು. ವಿಲಿಯಂ ಮಾರ್ಗನ್ ಮತ್ತು ಸಂಗಡಿಗರು ಎಳೆಯ, ನೀಲಿ ನಕ್ಷತ್ರಗಳ ದೂರ ಅಳೆದು ಗುರುತು ಹಾಕಿದಾಗ ಅವು ಉದ್ದನೆಯ ಸಾಲುಗಳಲ್ಲಿ ಕಂಡವು. ಅವೇ ಸುರುಳಿಯ ತೋಳುಗಳ ತುಣುಕುಗಳು. ಅದೇ ವರ್ಷ ಹೈಡ್ರೋಜನ್ ಅನಿಲ ಹೊಮ್ಮಿಸುವ 21 ಸೆಂಟಿಮೀಟರಿನ ರೇಡಿಯೊ ಅಲೆ ಅಮೆರಿಕದಲ್ಲಿ ಮೊದಲ ಬಾರಿಗೆ ಸಿಕ್ಕಿತು. ಈ ಅಲೆಗೆ ದೂಳು ಅಡ್ಡಿಯಲ್ಲ. ಅನಿಲ ನಮ್ಮತ್ತ ಬರುತ್ತಿದ್ದರೆ ಅಲೆಯ ಉದ್ದ ತುಸು ಕುಗ್ಗುತ್ತದೆ, ದೂರ ಸರಿಯುತ್ತಿದ್ದರೆ ಹಿಗ್ಗುತ್ತದೆ. ಹತ್ತಿರ ಬರುವ, ದೂರ ಹೋಗುವ ಬಸ್ಸಿನ ಹಾರ್ನ್ ಸದ್ದು ಬದಲಾಗುವುದಿಲ್ಲವೇ, ಹಾಗೆ. ಆ ವೇಗದಿಂದ ಅನಿಲ ಎಲ್ಲಿದೆ ಎಂದು ಲೆಕ್ಕ ಹಾಕಿ ಖಗೋಳ ವಿಜ್ಞಾನಿಗಳು ನಕ್ಷೆ ಬರೆದರು. 2013ರಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದು ಈ ನಕ್ಷೆಯನ್ನು ಇನ್ನಷ್ಟು ತಿದ್ದಿದೆ. ಆದರೂ ಮುಖ್ಯ ತೋಳುಗಳು ಎರಡೋ ನಾಲ್ಕೋ ಎಂಬ ಚರ್ಚೆ ಮುಗಿದಿಲ್ಲ.

ಇನ್ನು ಆ ಬಾಣ. ಕಲಾಚಿತ್ರದಲ್ಲಿ ಅದು ಕೇಂದ್ರಕ್ಕೂ ಅಂಚಿಗೂ ನಡುವೆ ಇದ್ದರೆ ಹೆಚ್ಚುಕಡಿಮೆ ಸರಿ, ಸೂರ್ಯ ಇರುವುದು ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ. ಆಂಡ್ರೊಮಿಡಾದ ಫೋಟೊ ಮೇಲಿದ್ದರೆ ಮಾತ್ರ ಅದು ನಮ್ಮ ಮನೆಯಿಂದ 25 ಲಕ್ಷ ಜ್ಯೋತಿರ್ವರ್ಷ ಆಚೆಗೆ ಬೆರಳು ಮಾಡುತ್ತಿದೆ.