ಒಂದು ಭಯ, ಒಂದು ಸ್ತೋತ್ರ

ಕಳೆದ ಜೂನ್‌ನಲ್ಲಿ ಮಕ್ಕಳ ಪಪ್ಪ ಕೆಲಸಕ್ಕೆಂದು ಕುವೈತ್‌ಗೆ ಹೊರಟರು. ಮಕ್ಕಳಿಬ್ಬರನ್ನೂ ಕರೆದುಕೊಂಡು ನಾನು ಉಡುಪಿಯ ತವರಿಗೆ ಬಂದೆ. ಹೊಸ ಮನೆ, ಹೊಸ ಶಾಲೆ. ಚಿಕ್ಕವನು ರಾತ್ರಿ ಎದ್ದು ಅಳುತ್ತಿದ್ದ. ದೊಡ್ಡವಳು ಮಾತನ್ನೇ ಬಿಟ್ಟಿದ್ದಳು. ನನಗೂ ನಿದ್ದೆ ಇರಲಿಲ್ಲ.

ಒಂದು ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಅಮ್ಮ, ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿಸಿದರು. ಪೌಲನು ಅದನ್ನು ಬರೆದದ್ದು ಸೆರೆಮನೆಯಿಂದ. ಚಿಂತೆಯನ್ನು ಒಳಗೇ ಇಟ್ಟುಕೊಳ್ಳದೆ, ಸ್ತೋತ್ರದೊಂದಿಗೆ ದೇವರಿಗೆ ಹೇಳಿಬಿಡಿ ಎಂಬುದು ಅದರ ಸಾರ.

“ಹೆದರೋದು ಪಾಪವಾ ಅಜ್ಜಿ?” ಮಗಳು ಕೇಳಿದಳು.

“ಇಲ್ಲ ಮಗಾ. 150 ಕೀರ್ತನೆಗಳಲ್ಲಿ ಎಷ್ಟೊಂದು ಕಣ್ಣೀರಿದೆ! ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ದುಃಖಪಟ್ಟು ಪ್ರಾರ್ಥಿಸಲಿಲ್ಲವೇ?”

ಅಂದಿನಿಂದ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಒಂದು ಭಯ, ಒಂದು ಸ್ತೋತ್ರ ಹೇಳುತ್ತೇವೆ. ಶುಕ್ರವಾರ ಕುವೈತ್‌ನಲ್ಲಿ ರಜೆ. ಇಲ್ಲಿ ರಾತ್ರಿ 7.30 ಆದಾಗ ಅಲ್ಲಿ ಸಂಜೆ 5. ಪಪ್ಪನೂ ಫೋನಿನಲ್ಲಿ ಸೇರುತ್ತಾರೆ. “ಪಪ್ಪ ನನ್ನನ್ನು ಮರೆತುಬಿಟ್ಟರೆ?” ಎಂದ ಚಿಕ್ಕವನು. “ನನ್ನ ಭಯವೂ ಅದೇ ಪುಟ್ಟಾ, ನೀನು ನನ್ನನ್ನು ಮರೆತರೆ?” ಎಂದರು ಪಪ್ಪ. ಆ ರಾತ್ರಿ ಮಗ ಎಚ್ಚರಗೊಳ್ಳಲಿಲ್ಲ.

ದೂರ ಕಡಿಮೆಯಾಗಿಲ್ಲ. ಆದರೆ ಯಾರ ಭಯವೂ ಈಗ ಒಂಟಿಯಲ್ಲ. ನಿಮ್ಮ ಮನೆಯಲ್ಲೂ ಏನಾದರೂ ಬದಲಾಗುತ್ತಿದ್ದರೆ, ಮೊದಲು ಮಕ್ಕಳ ಭಯವನ್ನು ಕೇಳಿ. ಆಮೇಲೆ ಜೊತೆಯಾಗಿ ಪ್ರಾರ್ಥಿಸಿ.